ನಮ್ಮ ಓಣಿಯವರಿಗೆ ಯಾರ ಹೆದರಿಕೆ?

2025ರ ಮಧ್ಯದಲ್ಲಿ ಒಂದು ಪಟ್ಟಿ ಬಂದಿತ್ತು, ನೆನಪಿರಬಹುದು ನಿಮಗೆ, ಇಂಡಿಯಾದಲ್ಲೇ ಅತ್ಯಂತ ಸೇಫ್ ಸಿಟಿ ಮಂಗಳೂರು ಅಂತ. ನಂಬಿಯೊ ಅನ್ನುವ ವೆಬ್‌ಸೈಟಿನ ಪಟ್ಟಿ, ನಮ್ಮ ಊರಿನ ಸೇಫ್ಟಿ ಇಂಡೆಕ್ಸ್ 74.2. ಗಲ್ಫಲ್ಲಿ ಇರುವ ನಮ್ಮವರೆಲ್ಲ ಸ್ಟೇಟಸ್‌ಗೆ ಹಾಕಿದ್ರು, ಆ ಫಾರ್ವರ್ಡ್ ಈಗ್ಲೂ ಗ್ರೂಪಿಂದ ಗ್ರೂಪಿಗೆ ತಿರುಗ್ತಾ ಉಂಟು. ಖುಷಿಯ ವಿಷಯವೇ. ಆದ್ರೆ ಅದು ಎಂತದ್ದರ ಲೆಕ್ಕ ಅಂತ ಜಾಸ್ತಿ ಜನ ನೋಡ್ಲಿಕ್ಕೆ ಹೋಗ್ಲಿಲ್ಲ. ಸ್ಟೇಷನ್ನಲ್ಲಿ ಆದ ಎಫ್‌ಐಆರ್ ಎಣಿಸಿ ಮಾಡಿದ್ದಲ್ಲ ಅದು. ವೆಬ್‌ಸೈಟಿಗೆ ಬಂದವರ ಹತ್ರ ಪ್ರಶ್ನೆ ಕೇಳ್ತಾರೆ, ಮನೆಗೆ ಕಳ್ಳ ನುಗ್ಗುವ ಹೆದರಿಕೆ ಎಷ್ಟುಂಟು, ರಾತ್ರಿ ಒಬ್ರೇ ನಡ್ಕೊಂಡು ಹೋಗ್ಲಿಕ್ಕೆ ಧೈರ್ಯ ಉಂಟಾ, ಈ ಥರದ್ದು, ಆ ಉತ್ತರಗಳ ಮೇಲೆ ಮಾರ್ಕು. ಅಂದ್ರೆ ಊರಿನ ಬಗ್ಗೆ ಜನರಿಗೆ ಎಂತ ಅನಿಸ್ತದೆ ಅನ್ನುದರ ಲೆಕ್ಕ ಅಷ್ಟೆ. ದೇಶದ ಅಪರಾಧದ ಲೆಕ್ಕ ಇಡುವ ಸರಕಾರಿ ಸಂಸ್ಥೆ ಎನ್‌ಸಿಆರ್‌ಬಿ ವರ್ಷಾವರ್ಷ ಬಿಡುವ ರಿಪೋರ್ಟಲ್ಲಿ ಸಿಟಿ ಸಿಟಿ ಹೋಲಿಸುವ ಪಟ್ಟಿ ಉಂಟಲ್ಲ, ಅದಕ್ಕೆ ಬರುದು 20 ಲಕ್ಷಕ್ಕಿಂತ ಮೇಲೆ ಜನ ಇರುವ ಮಹಾನಗರಗಳು ಮಾತ್ರ, ಮಂಗಳೂರು ಅದರಲ್ಲಿ ಇಲ್ವೇ ಇಲ್ಲ.

ಈ ಅನಿಸುದರ ಬಗ್ಗೆಯೇ ಒಮ್ಮೆ ಬರೀಬೇಕು ಅಂತ ತುಂಬಾ ದಿನದಿಂದ ತಲೆಯಲ್ಲಿತ್ತು, ಯಾಕೆಂದ್ರೆ ನನ್ನ ಕೆಲಸ ಹಾಗಿನದ್ದು. ನಾನು ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುವವಳು. ಬೇರೆ ಕಡೆಯವರಿಗೆ ಗೊತ್ತಿಲ್ಲದಿದ್ರೆ, ದಿನಾ ಅಂಗಡಿ ಅಂಗಡಿಗೆ ಮನೆ ಮನೆಗೆ ಹೋಗಿ ಐವತ್ತೋ ನೂರೋ ತಗೊಂಡು ಅವರ ಖಾತೆಗೆ ಕಟ್ಟುದು. ಇದು ನಮ್ಮ ಕಡೆಯೇ ಹುಟ್ಟಿದ್ದು, ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಆರಂಭಿಸಿದ್ದು, ಆಗ ದಿನಕ್ಕೆ ಎರಡಾಣೆ ಕಟ್ಟಿದ್ರೂ ಆಗ್ತಿತ್ತಂತೆ. ನನ್ನ ಲೈನ್ ಬಿಕರ್ನಕಟ್ಟೆ, ಕುಲಶೇಖರ, ಶಕ್ತಿನಗರ ಈ ಸೈಡ್. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ರಸೀದಿ ಮಿಷನ್ನು, ಬ್ಯಾಗಲ್ಲಿ ದುಡ್ಡು ಉಂಟು ಅಂತ ಇಡೀ ಊರಿಗೆ ಗೊತ್ತು. ಹಾಗಾಗಿ ಎಲ್ಲಿ ಹೋದ್ರೂ ಒಂದೇ ಪ್ರಶ್ನೆ, ಅಕ್ಕ ಇಷ್ಟು ದುಡ್ಡು ಹಿಡ್ಕೊಂಡು ಒಬ್ರೇ ತಿರುಗ್ತೀರಲ್ಲ ಹೆದ್ರಿಕೆ ಆಗುದಿಲ್ವಾ ಅಂತ. ಕೇಳಿದ ಮೇಲೆ ನನ್ನ ಉತ್ತರಕ್ಕೆ ಕಾಯುದಿಲ್ಲ, ಅವರವರ ಹೆದರಿಕೆ ಹೇಳ್ಲಿಕ್ಕೆ ಶುರು ಮಾಡ್ತಾರೆ.

ಮೇಲಿನ ಓಣಿಯವರು ಹೇಳುದು, ನಮ್ಮಲ್ಲಿ ಎಂತ ಸಮಸ್ಯೆ ಇಲ್ಲ ಮಾರಾಯ್ತಿ, ಆ ಕೆಳಗಿನ ಸೈಡ್ ಸ್ವಲ್ಪ ಜಾಗ್ರತೆ ಅಂತ. ಕೆಳಗೆ ಹೋದ್ರೆ ಅಲ್ಲಿಯ ಬಾಯಮ್ಮ ಒಬ್ರು, ಎಂಬತ್ತು ದಾಟಿರಬೇಕು, ಇಲ್ಲಿ ಎಲ್ಲ ಗುರ್ತದವರೇ, ಮೇಲೆ ಫ್ಲ್ಯಾಟ್ ಎದ್ದ ಮೇಲೆ ಯಾರು ಬರ್ತಾರೆ ಯಾರು ಹೋಗ್ತಾರೆ ದೇವರಿಗೇ ಗೊತ್ತು ಅಂತಾರೆ. ಫ್ಲ್ಯಾಟಿನವರಿಗೆ ಹಿಂದಿನ ಖಾಲಿ ಜಾಗದಲ್ಲಿ ಶೆಡ್ ಹಾಕಿ ಕೂತ ಕೆಲಸದವರ ಮೇಲೆ ಡೌಟು. ಶೆಡ್ಡಿನ ಹೆಂಗಸರ ಹತ್ರ ಮಾತಾಡಿದ್ರೆ ಅವರಿಗೆ ಕತ್ತಲಾದ ಮೇಲೆ ಬೈಕಲ್ಲಿ ಬಂದು ಹೆಸರು ಕೇಳುವ, ಆಧಾರ್ ಕಾರ್ಡ್ ತೋರಿಸು ಅನ್ನುವ ಹುಡುಗರದ್ದು ಹೆದರಿಕೆ, ಪೊಲೀಸರಲ್ಲ ಏನಲ್ಲ, ಸುಮ್ಮನೆ ಊರಿನ ಹುಡುಗರು. ಒಂದು ಕಿಲೋಮೀಟರ್ ಒಳಗೆ ಇಷ್ಟು ಥರದ ಹೆದರಿಕೆ ಉಂಟು, ಎಲ್ಲರ ಲೆಕ್ಕದಲ್ಲೂ ಅಪಾಯ ಇರುದು ಪಕ್ಕದ ಓಣಿಯಲ್ಲಿ. ಇದು ನಮ್ಮಲ್ಲಿ ಮಾತ್ರ ಅಂತ ಇಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆಯವರು ವರ್ಷಗಟ್ಟಲೆ ಜನರ ಹತ್ರ ಇದನ್ನೇ ಕೇಳ್ತಾ ಬಂದಿದ್ದಾರೆ, 1990ರ ದಶಕದಿಂದ ಅಲ್ಲಿ ಅಪರಾಧ ಒಳ್ಳೆಯ ಕಮ್ಮಿ ಆಗಿದ್ರೂ ಹೆಚ್ಚಿನ ವರ್ಷ ಅರ್ಧಕ್ಕಿಂತ ಜಾಸ್ತಿ ಜನ ದೇಶದಲ್ಲಿ ಜಾಸ್ತಿಯೇ ಆಗಿದೆ ಅಂದಿದ್ದಾರೆ, ತಮ್ಮ ಸ್ವಂತ ಏರಿಯಾದ ಬಗ್ಗೆ ಕೇಳಿದ್ರೆ ಅಷ್ಟು ಜನ ಹಾಗೆ ಹೇಳುದಿಲ್ಲ.

2024ರ ಜುಲೈ ನೆನಪುಂಟಲ್ಲ, ಚಡ್ಡಿ ಗ್ಯಾಂಗ್ ಬಂದದ್ದು. ಸಿಸಿಟಿವಿಯ ವಿಡಿಯೊ, ಚಡ್ಡಿ ಬನಿಯನ್ ಹಾಕಿ ಮುಖ ಕಟ್ಟಿದವರು ಕಂಪೌಂಡ್ ಒಳಗೆ ತಿರುಗುದು, ಎಲ್ಲರ ಮೊಬೈಲಿಗೂ ಬಂತು. ಮತ್ತೆ ಜುಲೈ 9ರ ಬೆಳಗ್ಗಿನ ಜಾವ ಕೋಟೆಕಣಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದ ಮನೆಗೆ ನುಗ್ಗಿ ಹೊಡೆದು ದರೋಡೆ ಮಾಡಿ ಅವರದ್ದೇ ಕಾರಲ್ಲಿ ಹೋದದ್ದು, ಅದೇ ದಿನ ಸಕಲೇಶಪುರದ ಹತ್ರ ಬಸ್ಸಲ್ಲಿ ಹೋಗುವಾಗ ಸಿಕ್ಕಿಬಿದ್ದದ್ದು. ಪೊಲೀಸರ ಕೆಲಸ ನಿಜವಾಗಿ ಮೆಚ್ಚಬೇಕು, ಗಂಟೆಗಳಲ್ಲಿ ಹಿಡಿದ್ರು. ಆದ್ರೆ ಅವರು ಸಿಕ್ಕಿದ ಮೇಲೂ ನಮ್ಮ ಕಡೆ ಹೆದರಿಕೆ ಇಳೀಲಿಲ್ಲ. ಏಳು ಗಂಟೆಗೆ ಮುಂಚೆಯೇ ಗೇಟಿಗೆ ಬೀಗ, ನಾನು ಬೆಲ್ ಮಾಡಿದ್ರೆ ಮೊದಲು ಕಿಟಕಿಯಿಂದ ಟಾರ್ಚ್ ಬಿಡುದು, ಮತ್ತೆ ಬಾಗಿಲು. ಹತ್ತು ವರ್ಷದಿಂದ ದಿನಾ ನೋಡುವ ಮುಖ ನನ್ನದು! ಕ್ಯಾಮೆರಾ ಹಾಕುವ ಹುಡುಗನಿಗೆ ಆ ಮಳೆಗಾಲ ಪುರುಸೊತ್ತೇ ಇರ್ಲಿಲ್ಲ.

ಅದಕ್ಕಿಂತ ಸ್ವಲ್ಪ ಮುಂಚೆ, ಜೂನ್ 21ಕ್ಕೆ, ಉಳಾಯಿಬೆಟ್ಟಿನಲ್ಲಿ ಒಬ್ರು ಕಂಟ್ರಾಕ್ಟರ್ ಮನೆಗೆ ದೊಡ್ಡ ಗುಂಪು ನುಗ್ಗಿ ದರೋಡೆ ಆಗಿತ್ತು. ನಮ್ಮ ಲೈನಿಗೆ ಅದೇನು ದೂರ ಅಲ್ಲ. ಪೊಲೀಸರು ಆಮೇಲೆ ಹೇಳಿದ್ದು, ಮನೆಯ ಮಾಹಿತಿ ಕೊಟ್ಟವ ಅವರ ಲಾರಿಗೆ ಡ್ರೈವರ್ ಆಗಿದ್ದವನೇ ಅಂತ. ಮನೆಯ ಅನ್ನ ತಿಂದವ. ಈಗ ನೀವೇ ಯಾರ ಹತ್ರವಾದ್ರೂ ಕೇಳಿ ನೋಡಿ, ಚಡ್ಡಿ ಗ್ಯಾಂಗ್ ಎಲ್ಲರಿಗೂ ನೆನಪುಂಟು, ಉಳಾಯಿಬೆಟ್ಟಿನದ್ದು ಮರೆತು ಹೋಗಿದೆ. ಹೊರಗಿಂದ ಬಂದು ಹೊರಗೇ ಹೋಗುವ ಕಳ್ಳನ ಕಥೆ ಮನಸ್ಸಿಗೆ ಸುಲಭ ಹಿಡೀತದೆ, ಗುರ್ತದವನೇ ದಾರಿ ತೋರಿಸಿದ ಕಥೆ ಬಾಯಿಗೆ ಬಂದ್ರೆ ನಮ್ಮ ನಮ್ಮ ಮನೆಯ ಸುತ್ತ ಯಾರಿದ್ದಾರೆ ಅಂತ ನೋಡ್ಬೇಕಾಗ್ತದೆ, ಅದು ಯಾರಿಗೂ ಬೇಡ.

ಬೇಡದೆ ಇದ್ದದ್ದರ ಬೆಲೆ ಕೊಡುದು ಬೇರೆಯವರು. ಆ ಜುಲೈ ಕಳೆದ ಮೇಲೆ ನಮ್ಮ ಕಡೆ ಒಂದು ಫ್ಲ್ಯಾಟಿನ ಲಿಫ್ಟಲ್ಲಿ ನೋಟಿಸ್ ಅಂಟಿಸಿದ್ರು, ಕೆಲಸದವರು ಹೊರಗೆ ಹೋಗುವಾಗ ಬ್ಯಾಗ್ ತೋರಿಸ್ಬೇಕು ಅಂತ. ಘಟ್ಟದ ಮೇಲಿನಿಂದ ಬಂದ ಒಬ್ಬಳು ಹೆಂಗಸು, ಬಾಗಲಕೋಟೆ ಕಡೆಯವಳು, ಆ ಬಿಲ್ಡಿಂಗಲ್ಲಿ ನಾಲ್ಕೈದು ಮನೆ ಕೆಲಸ ಮಾಡಿ ದಿನಾ ನನ್ನ ಹತ್ರ ನೂರು ರುಪಾಯಿ ಕಟ್ತಾಳೆ. ನಾನು ಗೇಟಲ್ಲಿ ರಸೀದಿ ತೆಗೀತಾ ಇರುವಾಗ ವಾಚ್‌ಮನ್ ಅವಳ ಪ್ಲಾಸ್ಟಿಕ್ ಚೀಲ ತೆರೆದ. ಒಂದು ಮನೆಯವರು ಕೊಟ್ಟ ನಿನ್ನೆಯ ಚಪಾತಿ, ಮಗುವಿಗೆ ಅಂತ ಅರ್ಧ ಬಿಸ್ಕೆಟ್ ಪ್ಯಾಕೆಟ್, ಒದ್ದೆ ನೈಟಿ. ಅವನಿಗೂ ನಾಚಿಕೆ ಆಯ್ತು, ಮುಖ ಆಚೆ ಮಾಡ್ಕೊಂಡ. ಅವಳು ಚೀಲದ ಬಾಯಿ ಗಂಟು ಹಾಕ್ತಾ ನನಗೆ ಹೇಳಿದ್ಳು, ಅಕ್ಕ, ಎಂಟು ವರ್ಷ ಆತು, ಒಂದು ಚಮಚಾನೂ ಮುಟ್ಟಿಲ್ರಿ ಅಂತ. ಅದೇ ಬಿಲ್ಡಿಂಗಿನವರು ಬೀಗದ ಕೀ ಅವಳ ಕೈಲೇ ಕೊಟ್ಟು ಬೆಂಗಳೂರಿಗೆ ಹೋಗುವವರು, ಅದೇ ನನಗೆ ಅರ್ಥ ಆಗದ್ದು.

ಇದು ಚೀಲ ನೋಡುವಲ್ಲಿಗೆ ನಿಂತ್ರೆ ಒಂದು ಮಾತು. 2025ರ ಏಪ್ರಿಲ್ 27ಕ್ಕೆ ಕುಡುಪುವಿನಲ್ಲಿ, ಕ್ರಿಕೆಟ್ ಆಡ್ತಿದ್ದ ಜಾಗದಲ್ಲಿ, ವಯನಾಡು ಕಡೆಯ ಒಬ್ಬ ಮನುಷ್ಯನನ್ನು ಗುಂಪು ಕಟ್ಟಿ ಹೊಡೆದು ಕೊಂದ್ರು. ಮಾನಸಿಕವಾಗಿ ಹುಷಾರಿಲ್ಲದವ ಅಂತ ಮನೆಯವರು ಹೇಳಿದ್ರು. ಮೊದಲು ಅಸಹಜ ಸಾವು ಅಂತ ಕೇಸಾಗಿ ಆಮೇಲೆ ಕೊಲೆ ಅಂತ ಆಯ್ತು, ಸರಿಯಾಗಿ ನೋಡ್ಲಿಲ್ಲ ಅಂತ ಸ್ಟೇಷನ್ನಿನವರೇ ಮೂರು ಜನ ಸಸ್ಪೆಂಡ್ ಆದ್ರು. ಹಗಲು ಹೊತ್ತಿನಲ್ಲಿ ನಡೆದದ್ದು ಅದು, ಜನ ಇದ್ದಲ್ಲಿ. ನನ್ನ ಲೈನಿಂದ ಬಸ್ಸಲ್ಲಿ ಹೋದ್ರೆ ಎಷ್ಟು ಹೊತ್ತು ಬೇಕು ಕುಡುಪುವಿಗೆ! ನಂತರದ ವಾರ ನಾನು ಅಂಗಡಿ ಅಂಗಡಿಯಲ್ಲಿ ಕೇಳಿದ್ದು ಏನು ಗೊತ್ತುಂಟಾ, ಅವ ಇಲ್ಲಿಗೆ ಯಾಕೆ ಬಂದದ್ದು ಅಂತ. ಹೊಡೆದವರು ಯಾರ ಮನೆಯವರು, ಅವರು ನಮ್ಮ ಓಣಿಯಲ್ಲೂ ಇರಬಹುದಾ, ಆ ಹೆದರಿಕೆ ಒಬ್ರಾದ್ರೂ ಹೇಳ್ತಾರಾ ಅಂತ ಕಾದೆ. ಸೆಲೂನಿನವ ಒಬ್ಬ ಹೇಳಿದ, ಅವನೂ ಹೊರಗಿಂದ ಬಂದವನೇ, ಉತ್ತರ ಪ್ರದೇಶದವ. ಈಗ ರಾತ್ರಿ ರೂಮಿಗೆ ಹೋಗುವಾಗ ಇಯರ್‌ಫೋನ್ ಹಾಕುದಿಲ್ಲ, ಯಾರಾದ್ರೂ ಕರೆದ್ರೆ ಕೇಳ್ಬೇಕಲ್ಲ ಅಂದ.

ಆಮೇಲೆ ಮೇ 1ಕ್ಕೆ ಬಜ್ಪೆ ಕಿನ್ನಿಪದವಿನ ಕೊಲೆ, ಮರುದಿನ ಬಂದ್, ಬಸ್ಸಿಲ್ಲ. ಮೇ 27ಕ್ಕೆ ಬಂಟ್ವಾಳ ಕಡೆ ಮರಳು ಇಳಿಸ್ಲಿಕ್ಕೆ ಹೋದ ಪಿಕಪ್ ಡ್ರೈವರನ ಕೊಲೆ. ಜೂನಲ್ಲಿ ಸರಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಅಂತಲೇ 248 ಜನರ ವಿಶೇಷ ಕಾರ್ಯಪಡೆ ಮಾಡಿತು, ಕೋಮು ಹಿಂಸೆ ತಡೀಲಿಕ್ಕೆ. ಇದೆಲ್ಲ ಆದ ಸ್ವಲ್ಪ ದಿನಕ್ಕೇ ಆ ನಂಬರ್ ಒನ್ ಪಟ್ಟಿ ಬಂದದ್ದು, ಜನ ಹೆಮ್ಮೆಯಿಂದ ಫಾರ್ವರ್ಡ್ ಮಾಡಿದ್ದು. ಸುಳ್ಳು ಹೇಳ್ತಿದ್ರು ಅಂತ ನಾನು ಹೇಳುದಿಲ್ಲ, ಅವರಿಗೆ ನಿಜವಾಗಿ ಸೇಫ್ ಅನಿಸ್ತದೆ. ಇಂಥ ಕೊಲೆಗಳನ್ನು ನಮ್ಮವರು ಊರಿನ ಅಪರಾಧದ ಲೆಕ್ಕಕ್ಕೆ ಹಿಡಿಯುದೇ ಇಲ್ಲ, ಅದು ಅವರವರ ಜಗಳ, ನಾವು ನಮ್ಮಷ್ಟಕ್ಕೆ ಇದ್ರೆ ಎಂತ ಆಗುದಿಲ್ಲ ಅಂತ ಬದಿಗಿಡ್ತಾರೆ. ಮೇ ತಿಂಗಳಲ್ಲಿ ಎರಡು ದಿನ ಅಂಗಡಿ ಮುಚ್ಚಿದಾಗ ಹಣ್ಣಿನ ಗಾಡಿಯವರ ಮಾವು ಕೊಳೆತು ಹೋಯ್ತು, ಅವರು ಆ ವಾರ ಪಿಗ್ಮಿ ಕಟ್ಲಿಲ್ಲ. ಗಡ್ಡ ಬಿಟ್ಟ ಒಬ್ಬ ಡೆಲಿವರಿ ಹುಡುಗ ತನ್ನ ಆರ್ಡರ್ ಏರಿಯಾ ನೋಡಿ ಕ್ಯಾನ್ಸಲ್ ಮಾಡ್ತಾ ಇದ್ದ. ಇನ್ನೊಂದು ಕಡೆ, ಅಂಗಡಿ ಮುಚ್ಚಿ ಕೇರಿ ದಾಟಿ ಮನೆಗೆ ಹೋಗುವ ಶೆಟ್ರ ಮಗ ಸಹ ದಾರಿ ಬದಲಿಸಿದ್ದ. ಇವರ ಹತ್ರ ಯಾವ ವೆಬ್‌ಸೈಟೂ ಪ್ರಶ್ನೆ ಕೇಳಿರ್ಲಿಕ್ಕಿಲ್ಲ.

ಇನ್ನು ಬೀಗ. ಬೀಗದ ಮೇಲೆ ನಮ್ಮವರಿಗೆ ಇರುವ ನಂಬಿಕೆ ನೋಡಿದ್ರೆ ಸಂಕಟ ಆಗ್ತದೆ ನನಗೆ. ನಮ್ಮ ಕಡೆ ರಿಟೈರ್ಡ್ ಅಂಕಲ್ ಒಬ್ರಿದ್ದಾರೆ, ಮಕ್ಕಳು ಹೊರದೇಶ. ಕೆಂಪುಕಲ್ಲಿನ ಕಂಪೌಂಡು, ಅದರ ಮೇಲೆ ಗಾಜಿನ ಚೂರು, ಎದುರಿಗೆ ಗ್ರಿಲ್ಲು, ಎರಡು ಕ್ಯಾಮೆರಾ, ನಾಯಿ. ಒಂದು ದಿನ ಬೆಲ್ ಮಾಡಿದ್ರೆ ಬಾಗಿಲು ತೆರೀಲಿಲ್ಲ. ಕಿಟಕಿಯಿಂದ ನೋಡಿದ್ರೆ ಡೈನಿಂಗ್ ಟೇಬಲಲ್ಲಿ ಸ್ಟೀಲಿನ ಚೆಂಬಿಗೆ ಫೋನ್ ಒರಗಿಸಿ ಇಟ್ಟು ಎದುರಿಗೆ ಕೈಕಟ್ಟಿ ಕೂತಿದ್ರು, ಇಸ್ತ್ರಿ ಮಾಡಿದ ಶರ್ಟು, ಎದುರಿನ ಚಾ ಕೆನೆ ಕಟ್ಟಿ ಹೋಗಿತ್ತು. ನನ್ನನ್ನು ನೋಡಿ ಬರೀ ಬೆರಳಲ್ಲಿ ಹೋಗು ಹೋಗು ಅಂದ್ರು, ತಲೆ ಸಹ ತಿರುಗಿಸ್ಲಿಲ್ಲ. ನನಗೆ ಸರಿ ಕಾಣ್ಲಿಲ್ಲ, ಪಕ್ಕದ ಮನೆಯ ಮೇಡಂ ಮತ್ತು ಅವರ ಮಗನನ್ನು ಕರ್ಕೊಂಡು ಬಂದೆ. ಡಿಜಿಟಲ್ ಅರೆಸ್ಟ್. ಹಿಂದಿನ ಸಂಜೆಯಿಂದ ಹಾಗೆ ಕೂರಿಸಿದ್ರಂತೆ, ನಿಮ್ಮ ಆಧಾರಲ್ಲಿ ಮುಂಬೈಯಲ್ಲಿ ಪಾರ್ಸೆಲ್ ಸಿಕ್ಕಿದೆ, ಯಾರಿಗಾದ್ರೂ ಹೇಳಿದ್ರೆ ಅರೆಸ್ಟು ಅಂತ. ಬಾತ್‌ರೂಮಿಗೆ ಹೋಗ್ಲಿಕ್ಕೂ ಪರ್ಮಿಷನ್ ಕೇಳಿದ್ದಾರೆ ಪಾಪ, ಜೀವನ ಇಡೀ ಒಂದು ರುಪಾಯಿ ಆಚೆ ಈಚೆ ಮಾಡದ ಮನುಷ್ಯ. ಒಂದು ಸಲ ದುಡ್ಡು ಹೋಗಿ ಆಗಿತ್ತು, ಎರಡನೇ ಸಲಕ್ಕೆ ಎಫ್‌ಡಿ ಮುರೀಲಿಕ್ಕೆ ಹೊರಡ್ಲಿಕ್ಕೆ ಅಂತಲೇ ಇಸ್ತ್ರಿ ಶರ್ಟು. ಹುಡುಗ ಆಗಿಂದಾಗ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ, ಸ್ವಲ್ಪ ದುಡ್ಡು ಬ್ಯಾಂಕಲ್ಲೇ ತಡೆದು ನಿಂತಿತು. ಯಾವ ಪೊಲೀಸರೂ ವಿಡಿಯೊ ಕಾಲಲ್ಲಿ ಅರೆಸ್ಟ್ ಮಾಡುದಿಲ್ಲ, ಕಾನೂನಲ್ಲಿ ಅಂಥದ್ದೊಂದು ಇಲ್ವೇ ಇಲ್ಲ, ಇದನ್ನು ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿ. ಎನ್‌ಸಿಆರ್‌ಬಿಯ 2023ರ ರಿಪೋರ್ಟಲ್ಲಿ ಸೈಬರ್ ಕ್ರೈಂ ಕೇಸು ದೇಶದಲ್ಲೇ ಅತ್ಯಂತ ಜಾಸ್ತಿ ದಾಖಲಾದದ್ದು ನಮ್ಮ ಕರ್ನಾಟಕದಲ್ಲಿ, ಸುಮಾರು 22 ಸಾವಿರ. ಅಂಕಲ್ ಮಾತ್ರ ಇದನ್ನು ಹೊರಗೆ ಹೇಳ್ಬೇಡಿ ಅಂತ ಕೈ ಮುಗಿದ್ರು. ಯಾರು ಅಂತ ಗೊತ್ತಾಗದ ಹಾಗೆ ಬದಲಿಸಿ ಬರೀತೇನೆ ಅಂತ ಕೇಳಿ, ಒಪ್ಪಿದ ಮೇಲೆಯೇ ಬರೆದದ್ದು. ಈ ಮಾನದ ಹೆದರಿಕೆಯಿಂದ ಇಂಥದ್ದು ಎಷ್ಟು ಮನೆಯಲ್ಲಿ ಆಗಿ ಮುಚ್ಚಿ ಹೋಗಿದೆಯೋ, ಪಕ್ಕದ ಮನೆಯವರಿಗೆ ಗೊತ್ತಾಗಿದ್ರೆ ಅವರಾದ್ರೂ ಬಚಾವಾಗ್ತಿದ್ರು.

ಮುಚ್ಚಿ ಹೋಗುವ ಇನ್ನೊಂದು ಉಂಟು. ಗಂಡನಿಗೆ ಗೊತ್ತಾಗದ ಹಾಗೆ ಪಿಗ್ಮಿ ಕಟ್ಟುವ ಹೆಂಗಸರು ನನ್ನ ಲೈನಲ್ಲಿ ಇದ್ದಾರೆ, ಪಾಸ್‌ಬುಕ್ ನಿಮ್ಮ ಹತ್ರವೇ ಇರ್ಲಿ ಅಕ್ಕ ಅಂತಾರೆ. ಸುತ್ತಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗುವ ದಾರಿಯಲ್ಲಿ ದುಡ್ಡು ಕೊಡ್ತಾರೆ, ಮನೆಗೆ ಬರ್ಬೇಡಿ ಅಂತಾರೆ. ಕೆಲವರ ತೋಳು, ಕುತ್ತಿಗೆ ನೋಡಿದ್ರೆ ಕಾರಣ ಕೇಳ್ಬೇಕಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರ ಹತ್ರವಾದ್ರೂ ಸಹಾಯ ಕೇಳಿದವರು ಬರೀ ಶೇಕಡಾ 14. ಅಂಥ ಮನೆ ಇರುವ ಓಣಿಯನ್ನೂ ನಮ್ಮವರು ತುಂಬಾ ಶಾಂತ ಓಣಿ, ಎಂತ ಗಲಾಟೆ ಇಲ್ಲ ಅಂತಲೇ ಹೇಳುದು, ಬಾಡಿಗೆಗೆ ಬರುವವರಿಗೆ ಹಾಗೆಯೇ ರೆಕಮಂಡ್ ಮಾಡುದು.

ನನಗೆ ಹೆದರಿಕೆ ಆಗುದಿಲ್ವಾ ಅಂತ ಕೇಳಿದ್ರೆ, ಆಗ್ತದೆ. ಕರಿಮಣಿ ಒಳಗೆ ಹಾಕಿ ಸೆರಗು ಪಿನ್ ಮಾಡಿಯೇ ನಾನು ಹೊರಡುದು, ಅಡ್ರೆಸ್ ಕೇಳುವ ನೆಪದಲ್ಲಿ ಸ್ಕೂಟರ್ ನಿಲ್ಲಿಸಿ ಸರ ಎಳೆಯುದು ಹೊಸತಲ್ಲ. ಆದ್ರೆ ನನಗೆ ಹೆದರಿಕೆ ಆಗುವ ಜಾಗ ಜನ ಹೇಳುವ ಜಾಗ ಅಲ್ಲ. ಬಾರ್ ಇರುವ ಜಂಕ್ಷನ್ ಇದೆಯಲ್ಲ, ಹೆಂಗಸರು ಹೋಗ್ಬಾರ್ದು ಅಂತಾರೆ, ಅಲ್ಲಿ ನಾನು ಎಂಟು ಗಂಟೆಗೂ ಆರಾಮ ಇರ್ತೇನೆ. ರಿಕ್ಷಾ ಪಾರ್ಕ್ ಉಂಟು, ಮೀನು ಮಾರುವ ಹೆಂಗಸರು ಲೈಟ್ ಹಾಕಿ ಕೂತಿರ್ತಾರೆ, ಆಮ್ಲೆಟ್ ಗಾಡಿಯವ ಇದ್ದಾನೆ, ಕುಡಿದವ ಯಾರಾದ್ರೂ ಎಂತಾದ್ರೂ ಅಂದ್ರೆ ಮೀನಿನ ಅಕ್ಕಂದಿರ ಬಾಯಿಗೆ ಸಿಕ್ಕಿ ಅವ ಉಳಿಯುದಿಲ್ಲ. ನನ್ನ ಕಾಲು ತಡವರಿಸುದು ಒಳ್ಳೊಳ್ಳೆ ಮನೆಗಳಿರುವ ರಸ್ತೆಯಲ್ಲಿ, ಎರಡೂ ಸೈಡ್ ಆಳೆತ್ತರದ ಕಂಪೌಂಡು, ಶೀಟ್ ಹೊಡೆದ ಗೇಟು, ಬೀದಿ ದೀಪ ಹೋಗಿ ತಿಂಗಳಾಯ್ತು, ಕಿರುಚಿದ್ರೆ ಎಸಿ ಹಾಕಿ ಕೂತವರಿಗೆ ಕೇಳುದಿಲ್ಲ, ಕೇಳಿದ್ರೂ ಕ್ಯಾಮೆರಾದಲ್ಲಿ ನೋಡುದೇ ಹೊರತು ಹೊರಗೆ ಬರುದಿಲ್ಲ. ಅಲ್ಲಿ ಇದುವರೆಗೆ ಎಂತದೂ ಆಗ್ಲಿಲ್ಲ, ಅದು ನಿಜ. ಆದ್ರೂ ಬಯಲಾಟವೋ ನೇಮವೋ ಇದ್ದ ರಾತ್ರಿ ಅದೇ ರಸ್ತೆಯಲ್ಲಿ ಹೆಂಗಸರು ಮಕ್ಕಳು ಎರಡು ಗಂಟೆಗೆ ನಡ್ಕೊಂಡು ಬರ್ತಾರೆ, ಯಾರಿಗೂ ಹೆದರಿಕೆ ಇಲ್ಲ, ಜನ ಇದ್ದಾರಲ್ಲ.

ಜನ ಇದ್ರೆ ಸಾಕು ಅಂತ ಹೇಳ್ಲಿಕ್ಕೂ ನನ್ನಿಂದ ಆಗುದಿಲ್ಲ, ಕುಡುಪುವಿನಲ್ಲೂ ಜನ ಇದ್ರು. ಹುಡುಗ ಹುಡುಗಿ ಒಂದೇ ಬಸ್ಸಲ್ಲಿ ಮಾತಾಡಿದ್ರೆ ಇಳಿಸಿ ಹೆಸರು ಕೇಳುವವರೂ ನಾವು ಊರು ಕಾಯುದು ಅಂತಲೇ ಹೇಳುದು. 2009ರ ಪಬ್ ದಾಳಿ, 2012ರ ಪಡೀಲಿನ ಹೋಂಸ್ಟೇ ದಾಳಿ, ಎರಡರಲ್ಲೂ ಹೊಡೆಸಿಕೊಂಡ ಹೆಣ್ಮಕ್ಕಳಿಗೆ ಕಳ್ಳರ ಹೆದರಿಕೆ ಇದ್ದಿರ್ಲಿಕ್ಕಿಲ್ಲ. ಮೀನಿನ ಅಕ್ಕಂದಿರು ನೋಡುದು ಯಾರಿಗೆ ತೊಂದ್ರೆ ಆಗ್ತಾ ಉಂಟು ಅಂತ, ಈ ಕಾಯುವವರು ನೋಡುದು ಯಾರು ಯಾವ ಜಾತಿ ಅಂತ.

ಈಗ ಇದೆಲ್ಲ ಯಾಕೆ ಬರೆದೆ ಅಂದ್ರೆ, ಮುಂದಿನ ಭಾನುವಾರ ನಮ್ಮ ಓಣಿಯವರ ಮೀಟಿಂಗ್ ಉಂಟು, ಇನ್ನೂ ನಾಲ್ಕು ಕ್ಯಾಮೆರಾ ಹಾಕ್ಲಿಕ್ಕೆ ದುಡ್ಡು ಒಟ್ಟು ಮಾಡುದು ಅಂತ. ಕ್ಯಾಮೆರಾಕ್ಕೆ ನನ್ನ ವಿರೋಧ ಇಲ್ಲ, ಕಳ್ಳರು ಸಿಗ್ಲಿಕ್ಕೆ ಅದರಿಂದ ಸಹಾಯ ಆಗಿದೆ. ಆದ್ರೆ ಅದರ ಒಟ್ಟಿಗೆ ಬೇರೆ ವಿಷಯ ಸಹ ಮಾತಾಡಿ. ಬೀಟ್ ಪೊಲೀಸರನ್ನು ಮೀಟಿಂಗಿಗೆ ಕರೀರಿ, ಮನೆ ಮನೆಗೆ ಪೊಲೀಸ್ ಅಂತ 2025ರಲ್ಲಿ ಸರಕಾರವೇ ಶುರು ಮಾಡಿದೆ, ಅವರ ನಂಬರ್ ಎಲ್ಲರ ಫೋನಲ್ಲೂ ಇರ್ಲಿ, ಶೆಡ್ಡಿನವರ ಫೋನಲ್ಲೂ. ಊರಿಗೆ ಹೋಗುವಾಗ ಮನೆ ಖಾಲಿ ಉಂಟು ಅಂತ ಠಾಣೆಗೆ ಹೇಳಿ ಹೋಗಿ, ಫೇಸ್‌ಬುಕ್ಕಲ್ಲಿ ಫೋಟೊ ಹಾಕುದು ವಾಪಸ್ ಬಂದ ಮೇಲೆ. ದೀಪದ ಕಂಪ್ಲೇಂಟಿಗೆ ಒಬ್ಬರ ಹೆಸರಲ್ಲಿ ಕಾರ್ಪೊರೇಷನಿಗೆ ಬರೆದ್ರೆ ಸಾಲದು, ಇಡೀ ಓಣಿ ಸೈನ್ ಹಾಕಿ. 112, 1930, ಹೆಂಗಸರ ಸಹಾಯವಾಣಿ 181, ಈ ಮೂರು ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಲಿಫ್ಟಲ್ಲಿ ಅಂಟಿಸಿ, ಆ ಬ್ಯಾಗ್ ತೋರಿಸುವ ನೋಟಿಸ್ ಇದ್ದ ಜಾಗದಲ್ಲೇ. ಮೀಟಿಂಗಿಗೆ ಶೆಡ್ಡಿನಿಂದ ಇಬ್ರು, ಮೀನಿನ ಮಾರ್ಕೆಟಿಂದ ಇಬ್ರು ಬರ್ತಾರೆ ಅಂತ ನಾನು ಸೆಕ್ರೆಟರಿಯವರಿಗೆ ಹೇಳಿದ್ದೇನೆ, ಅವರು ಇನ್ನೂ ಹೂಂ ಅಂತ ಹೇಳ್ಲಿಲ್ಲ. ಬಾಗಲಕೋಟೆಯವಳು ಬರ್ತೇನೆ ಅಂದಿದ್ದಾಳೆ, ಐದು ಗಂಟೆಗೆ ಕೆಲಸ ಮುಗೀತದಂತೆ, ಹಾಗಾಗಿ ಮೀಟಿಂಗ್ ನಾಲ್ಕರ ಬದಲು ಐದೂವರೆಗೆ ಇಡಿ ಅಂತ ಕೇಳಿದ್ದೇನೆ.